ಟ್ಯೂರಿನ್ನಿನ ರೊಮೇನಿಯನ್ನರು, ಪ್ರಾಟೊದ ಚೀನೀಯರು

ಇಟಲಿಯಲ್ಲಿ ನೆಲೆಸಿರುವ ಹೊರದೇಶದವರು ಸುಮಾರು 50 ಲಕ್ಷ. ಅವರಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ರೊಮೇನಿಯನ್ನರು. ಚೀನೀಯರು 3 ಲಕ್ಷದ ಆಸುಪಾಸಿನಲ್ಲಿದ್ದಾರೆ. ಟ್ಯೂರಿನ್ ನಗರದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗನನ್ನು ನೋಡಲೆಂದು ಹೊರಟಾಗಲೇ, ಈ ಎರಡು ಸಮುದಾಯಗಳು ಅಲ್ಲಿ ಹೇಗೆ ಬದುಕು ಕಟ್ಟಿಕೊಂಡಿವೆ ಎಂಬುದನ್ನು ಸಾಧ್ಯವಾದಷ್ಟು ಹತ್ತಿರದಿಂದ ನೋಡಬೇಕೆಂದು ನಿಶ್ಚಯಿಸಿಕೊಂಡಿದ್ದೆ. ರೊಮೇನಿಯನ್ನರಿಗಾಗಿ ಟ್ಯೂರಿನ್, ಚೀನೀಯರಿಗಾಗಿ ಫ್ಲಾರೆನ್ಸ್ ಸಮೀಪದ ಪ್ರಾಟೊ, ನಡುವೆ ಮಿಲಾನ್ ಎಂದು ರೈಲಿನ ದಾರಿ ಗೊತ್ತುಮಾಡಿಕೊಂಡೆ. ಚೀನೀಯರು ವ್ಯಾಪಾರಕ್ಕೆಂದೇ ಹುಟ್ಟಿದವರು, ರೊಮೇನಿಯನ್ನರು ಕೂಲಿಗಾಗಿ ಬಂದವರು ಎಂಬ ಮಾತನ್ನು ಇಟಲಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನನಗೆ ಕಂಡ ಮಟ್ಟಿಗೆ ಈ ವ್ಯತ್ಯಾಸಕ್ಕೂ ಜನರ ಸ್ವಭಾವಕ್ಕೂ ಹೆಚ್ಚಿನ ಸಂಬಂಧವಿಲ್ಲ. ಕೈಯಲ್ಲಿರುವ ಪಾಸ್‌ಪೋರ್ಟ್, ತಲೆಯ ಮೇಲಿರುವ ಸಾಲ, ಊರಿಗಿರುವ ದೂರ ಇವು ಮೂರೂ ಸೇರಿ ಒಬ್ಬರನ್ನು ಒಂದು ದಾರಿಗೆ, ಇನ್ನೊಬ್ಬರನ್ನು ಮತ್ತೊಂದು ದಾರಿಗೆ ಹಚ್ಚಿವೆ.

ಟ್ಯೂರಿನ್ನಿನ ಪೋರ್ಟಾ ಪಲಾಝೊ ಸಂತೆ ಯುರೋಪಿನ ಅತಿ ದೊಡ್ಡ ಬಯಲು ಮಾರುಕಟ್ಟೆಗಳಲ್ಲೊಂದು. ಅದರ ಉತ್ತರದ ಬೀದಿಗಳಲ್ಲಿ ರೊಮೇನಿಯನ್ ಅಂಗಡಿಗಳಿವೆ: ಸುಟ್ಟ ಬದನೆ ಮತ್ತು ದೊಣ್ಣೆಮೆಣಸಿನಕಾಯಿಯಿಂದ ಮಾಡಿದ ಝಕುಸ್ಕಾ ಎಂಬ ಗೊಜ್ಜಿನ ಬಾಟಲಿ, ಉಪ್ಪುನೀರಿನಲ್ಲಿ ಅದ್ದಿಟ್ಟ ಚೀಸ್, ಮೆಕ್ಕೆಜೋಳದ ಹಿಟ್ಟಿನ ಪೊಟ್ಟಣ. ಈ ನಗರದ ಹೊರದೇಶದವರಲ್ಲಿ ರೊಮೇನಿಯನ್ನರದ್ದೇ ದೊಡ್ಡ ಸಂಖ್ಯೆ. ಅವರಲ್ಲಿ ಬಹಳ ಮಂದಿ ರೊಮೇನಿಯಾದ ಪೂರ್ವಭಾಗದ ಬಕಾವು ಸೀಮೆಯವರು. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಕುಸಿದ ಮೇಲೆ ಅಲ್ಲಿನ ಸರ್ಕಾರಿ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. 2002ರ ಜನವರಿಯಿಂದ ರೊಮೇನಿಯನ್ನರು ವೀಸಾ ಇಲ್ಲದೆ ಪಶ್ಚಿಮ ಯುರೋಪಿಗೆ ಬರುವಂತಾಯಿತು; ಅದೇ ವರ್ಷ ಇಟಲಿ ಸರ್ಕಾರ ಕಾಗದಪತ್ರವಿಲ್ಲದೆ ದುಡಿಯುತ್ತಿದ್ದವರನ್ನು ಸಕ್ರಮಗೊಳಿಸಿದಾಗ ಅರ್ಜಿ ಹಾಕಿದವರಲ್ಲೂ ಅವರೇ ಮುಂದಿದ್ದರು. ಟ್ಯೂರಿನ್ ಆಗ 2006ರ ಚಳಿಗಾಲದ ಒಲಿಂಪಿಕ್ಸ್‌ಗಾಗಿ ಸಜ್ಜಾಗುತ್ತಿತ್ತು. ಊರಿನ ತುಂಬ ಕಾಮಗಾರಿ, ಗಾರೆ ಕೆಲಸದವರಿಗೆ ಬರ. ರೊಮೇನಿಯನ್ ಭಾಷೆಯೂ ಇಟಾಲಿಯನ್ನಿನಂತೆ ಲ್ಯಾಟಿನ್‌ನಿಂದ ಬಂದದ್ದಾದ್ದರಿಂದ ಕೆಲವೇ ತಿಂಗಳಲ್ಲಿ ಇಟಾಲಿಯನ್ ಮಾತನಾಡಲು ಅವರಿಗೆ ಕಷ್ಟವಾಗಲಿಲ್ಲ. ಮೇಸ್ತ್ರಿಯ ಮಾತು ಅರ್ಥವಾಗುವುದು, ಮನೆಯ ಯಜಮಾನಿಯೊಡನೆ ಸಂಬಳದ ಮಾತುಕತೆ ನಡೆಸಬಲ್ಲುದು ಎಷ್ಟು ದೊಡ್ಡ ಬಂಡವಾಳ ಎಂಬುದು ಮುಂದೆ ಪ್ರಾಟೊಗೆ ಹೋದಾಗ ನನಗೆ ಸ್ಪಷ್ಟವಾಯಿತು.

ಇಟಲಿಯ ರೊಮೇನಿಯನ್ನರಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚು. ಮನೆಯಲ್ಲಿಯೇ ಇದ್ದು ವೃದ್ಧರನ್ನು ನೋಡಿಕೊಳ್ಳುವವರನ್ನು ಅಲ್ಲಿ ಬದಾಂತೆ ಎನ್ನುತ್ತಾರೆ. ವಾರದಲ್ಲಿ ಭಾನುವಾರ ಮತ್ತು ಗುರುವಾರ ಮಧ್ಯಾಹ್ನ ಅವರಿಗೆ ಬಿಡುವು. ಟ್ಯೂರಿನ್ನಿನ ವೃದ್ಧಾಶ್ರಮವೊಂದರಲ್ಲಿ ಕೆಲಸ ಮಾಡುವ ಮಂಗಳೂರು ಕಡೆಯ ಸಿಸ್ಟರ್ ಒಬ್ಬರು ನನ್ನನ್ನು ಗುರುವಾರ ಮಧ್ಯಾಹ್ನ ಪೊ ನದಿಯ ದಂಡೆಯ ವಲೆಂತಿನೊ ಉದ್ಯಾನಕ್ಕೆ ಕರೆದೊಯ್ದರು. ಕಲ್ಲುಬೆಂಚುಗಳ ಮೇಲೆ ನಾಲ್ಕೈದು ಮಂದಿಯ ಗುಂಪುಗಳಲ್ಲಿ ಹೆಂಗಸರು ಕುಳಿತಿದ್ದರು. ಮಡಿಲಲ್ಲಿ ಸೂರ್ಯಕಾಂತಿ ಬೀಜದ ಪೊಟ್ಟಣ, ಕೈಯಲ್ಲಿ ಮೊಬೈಲು. ಸಿಸ್ಟರ್‌ಗೆ ಪರಿಚಯದ ಅರವತ್ತರ ಹತ್ತಿರದ ಒಬ್ಬಾಕೆ ನಮಗೆ ಜಾಗ ಮಾಡಿಕೊಟ್ಟು, ತಾವು ನೋಡಿಕೊಳ್ಳುತ್ತಿರುವ ತೊಂಬತ್ತು ದಾಟಿದ ಅಜ್ಜಿ ರಾತ್ರಿ ಎಷ್ಟು ಸಲ ಎಬ್ಬಿಸುತ್ತಾರೆ ಎಂಬುದರಿಂದಲೇ ಮಾತು ಆರಂಭಿಸಿದರು. ಮನೆಯಲ್ಲೇ ಉಳಿದು ಕೆಲಸ ಮಾಡುವವರಿಗೆ ರಾಷ್ಟ್ರೀಯ ಒಪ್ಪಂದದ ಪ್ರಕಾರ ವಾರಕ್ಕೆ 54 ಗಂಟೆಯ ಮಿತಿಯಿದೆ. ಆದರೆ ಮಲಗುವ ಕೋಣೆ ಅಜ್ಜಿಯ ಕೋಣೆಗೆ ಅಂಟಿಕೊಂಡೇ ಇರುವಾಗ ಆ ಗಂಟೆಗಳನ್ನು ಲೆಕ್ಕವಿಡುವವರು ಯಾರು ಎಂದು ಅವರು ಕೇಳಿದರು. ತಿಂಗಳ ಸಂಬಳ 1,000 ಯೂರೋಗಿಂತ ತುಸು ಹೆಚ್ಚು. ಊಟ, ವಸತಿಗೆ ಖರ್ಚಿಲ್ಲವಾದ್ದರಿಂದ ಬಹುಪಾಲು ಊರಿಗೆ ಹೋಗುತ್ತದೆ.

ಆ ಹಣ ಏನಾಯಿತೆಂಬುದನ್ನು ಮೊಬೈಲಿನಲ್ಲಿ ತೋರಿಸಿದರು. ಬಕಾವು ಹತ್ತಿರದ ಹಳ್ಳಿಯಲ್ಲಿ ಎರಡಂತಸ್ತಿನ ಮನೆ, ಕೆಂಪು ಹೆಂಚಿನ ಸೂರು, ಸ್ಟೀಲಿನ ಕಟಾಂಜನ. ಚಿತ್ರವನ್ನು ಹಿಗ್ಗಿಸಿದಾಗ ಕಿಟಕಿಯ ಚೌಕಟ್ಟುಗಳಿಗೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಕಿತ್ತಿರಲಿಲ್ಲ ಎಂಬುದು ಕಂಡಿತು. ಆ ಮನೆಯಲ್ಲಿ ಈಗ ಯಾರೂ ಇಲ್ಲ. ಮಗ ಜರ್ಮನಿಯಲ್ಲಿದ್ದಾನೆ, ಗಂಡ ತೀರಿಕೊಂಡಿದ್ದಾರೆ. ಈ ತಾಯಿ ಇಟಲಿಗೆ ಬಂದಾಗ ಮಗನಿಗೆ ಏಳು ವರ್ಷ, ಬೆಳೆದದ್ದು ಅಜ್ಜಿಯ ಕೈಯಲ್ಲಿ. ದೀರ್ಘಕಾಲ ಹೀಗೆ ದುಡಿದು ಊರಿಗೆ ಮರಳಿದ ಹೆಂಗಸರಲ್ಲಿ ಕಾಣುವ ಖಿನ್ನತೆ, ನಿದ್ರಾಹೀನತೆಗಳಿಗೆ ವೈದ್ಯರು ಇಟಲಿ ಸಿಂಡ್ರೋಮ್ ಎಂದೇ ಹೆಸರಿಟ್ಟಿದ್ದಾರೆ. ಸಂಪಾದನೆಯ ಲೆಕ್ಕ ಬರೆಯುವಾಗ ಇದನ್ನೂ ಅದೇ ಪುಟದಲ್ಲಿ ಬರೆಯಬೇಕೆಂದು ನಾನು ಭಾವಿಸುತ್ತೇನೆ.

ಆದರೂ ಇವರ ಕೈಯಲ್ಲಿ ಒಂದು ಬಲವಾದ ಸಾಧನವಿದೆ. 2007ರ ಜನವರಿ 1ರಂದು ರೊಮೇನಿಯಾ ಯುರೋಪಿಯನ್ ಒಕ್ಕೂಟವನ್ನು ಸೇರಿದ ಮೇಲೆ ಇವರಿಗೆ ವಾಸದ ಪರವಾನಗಿಯ ಹಂಗಿಲ್ಲ. ಕೆಲಸ ಹೋದರೆ ಊರಿಗೆ ಹೋಗಿ, ಅನುಕೂಲವಾದಾಗ ಮರಳಿ ಬರಬಹುದು. ಎರಡು ದೇಶಗಳಲ್ಲಿ ಕಟ್ಟಿದ ಪಿಂಚಣಿಯ ವರ್ಷಗಳು ಒಟ್ಟಿಗೆ ಸೇರುತ್ತವೆ. ವಾರಾಂತ್ಯದಲ್ಲಿ ನಗರದಂಚಿನ ಬಯಲಿನಿಂದ ರೊಮೇನಿಯಾಕ್ಕೆ ಹೊರಡುವ ಮಿನಿಬಸ್ಸುಗಳನ್ನು ನೋಡಿದೆ. ಚಾಲಕ ಒಂದೊಂದೇ ಗಂಟನ್ನು ಕೈತಕ್ಕಡಿಗೆ ತೂಗುಹಾಕಿ ತೂಕ ನೋಡುತ್ತಿದ್ದ. ಕಂದು ಬಣ್ಣದ ಟೇಪಿನ ಮೇಲೆ ದಪ್ಪ ಪೆನ್ನಿನಿಂದ ಹಳ್ಳಿಯ ಹೆಸರು, ಫೋನ್ ಸಂಖ್ಯೆ ಬರೆಯುತ್ತಿದ್ದ. ಕಾಫಿಪುಡಿ, ಆಲಿವ್ ಎಣ್ಣೆ, ಮಕ್ಕಳ ಬೂಟು, ಒಂದು ಹಳೆಯ ವಾಷಿಂಗ್ ಮೆಷಿನ್ ಕೂಡ ಅವುಗಳಲ್ಲಿತ್ತು. ಊರು ಒಂದೂವರೆ ದಿನದ ದಾರಿ. ಹೀಗಿರುವಾಗ ಇಟಲಿಯಲ್ಲಿ ಅಂಗಡಿ ಹಿಡಿಯಲು ಸಾಲ ಮಾಡುವುದಕ್ಕಿಂತ ಊರಿನಲ್ಲಿ ಮನೆ ಎಬ್ಬಿಸುವುದೇ ಸರಿ ಎಂದು ಯಾರಿಗಾದರೂ ತೋರುವುದು ಸಹಜ.

ಗಂಡಸರ ಸ್ಥಿತಿ ಬೇರೆ. 2008ರ ಆರ್ಥಿಕ ಕುಸಿತದಲ್ಲಿ ಕಟ್ಟಡ ಕೆಲಸಗಳು ನಿಂತಾಗ ಮೊದಲು ಪೆಟ್ಟು ತಿಂದವರು ಅವರು. ಅನೇಕ ಮನೆಗಳು ಹೆಂಡತಿಯ ಸಂಬಳದ ಮೇಲೆಯೇ ನಡೆದವು. ಇಟಲಿಯ ವಾಣಿಜ್ಯ ನೋಂದಣಿಯಲ್ಲಿ ಒಬ್ಬರೇ ಮಾಲೀಕರಾಗಿರುವ ಉದ್ಯಮಗಳು ರೊಮೇನಿಯನ್ನರ ಹೆಸರಿನಲ್ಲಿ ಸುಮಾರು 50,000 ಇವೆ, ಚೀನೀಯರ ಹೆಸರಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಈ ಅಂಕಿಯನ್ನಷ್ಟೇ ನೋಡಿದರೆ ಎರಡೂ ಸಮಸಮ ಎನಿಸುತ್ತದೆ. ರೊಮೇನಿಯನ್ನರ ಸಂಖ್ಯೆ ಮೂರು ಪಟ್ಟಿಗಿಂತ ಹೆಚ್ಚೆಂಬುದು ಒಂದು ಮಾತು. ಅವರ ಉದ್ಯಮಗಳಲ್ಲಿ ಹೆಚ್ಚಿನವು ಗಾರೆ, ಪ್ಲಾಸ್ಟರ್, ಬಣ್ಣದ ಕೆಲಸದವು ಎಂಬುದು ಇನ್ನೊಂದು. ಕೆಲಸಗಾರನನ್ನು ಸಂಬಳಕ್ಕಿಟ್ಟುಕೊಂಡರೆ ಕಟ್ಟಬೇಕಾದ ಪಿಂಚಣಿ, ವಿಮೆಯ ವಂತಿಗೆಯನ್ನು ತಪ್ಪಿಸಲು ಗುತ್ತಿಗೆದಾರರು ಅವನಿಗೇ ತೆರಿಗೆ ಸಂಖ್ಯೆ ಮಾಡಿಸಿ ಸ್ವಂತ ಉದ್ಯಮಿ ಎಂದು ತೋರಿಸುವುದು ಅಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಕರಣೆಯೊಂದನ್ನು ಹಿಡಿದು ಒಬ್ಬನೇ ಗುತ್ತಿಗೆದಾರನ ಬಳಿ ದುಡಿಯುವವನನ್ನು ಉದ್ಯಮಿ ಎಂದು ಎಣಿಸಲು ನನಗೆ ಮನಸ್ಸೊಪ್ಪುವುದಿಲ್ಲ.

ಮಿಲಾನ್‌ನಲ್ಲಿ ಪಾವೊಲೊ ಸಾರ್ಪಿ ಬೀದಿಯನ್ನು ಮಾತ್ರ ನೋಡಿದೆ. 1920ರ ದಶಕದಲ್ಲಿ ಝೆಜಿಯಾಂಗ್ ಪ್ರಾಂತದಿಂದ ಬಂದ ಬೆರಳೆಣಿಕೆಯ ಚೀನೀಯರು ಇಲ್ಲಿ ರೇಷ್ಮೆ ಟೈ ಹೊಲಿದು ಮಾರುತ್ತ ನೆಲೆನಿಂತರು. 2007ರ ಏಪ್ರಿಲ್‌ನಲ್ಲಿ, ಸಗಟು ಅಂಗಡಿಗಳ ಸರಕು ಇಳಿಸುವ ವಿಚಾರದಲ್ಲಿ ಹಾಕಿದ ದಂಡವೊಂದರಿಂದ ಪೊಲೀಸರಿಗೂ ಚೀನೀಯರಿಗೂ ಘರ್ಷಣೆ ನಡೆದದ್ದೂ ಇಲ್ಲಿಯೇ. ಈಗ ಅದು ವಾಹನಗಳಿಲ್ಲದ, ತಿಂಡಿ ಅಂಗಡಿಗಳ ಬೀದಿ.

ಪ್ರಾಟೊ ಮಧ್ಯಯುಗದಿಂದಲೂ ಬಟ್ಟೆಯ ಊರು. ಹದಿನಾಲ್ಕನೆಯ ಶತಮಾನದ ವರ್ತಕ ಫ್ರಾಂಚೆಸ್ಕೊ ದಾತಿನಿಯ ಪ್ರತಿಮೆ ಪುರಸಭೆಯ ಚೌಕದಲ್ಲಿದೆ. ಅವನ ವ್ಯಾಪಾರದ ಸುಮಾರು 1,50,000 ಪತ್ರಗಳು ಇಂದಿಗೂ ಉಳಿದಿವೆ. ಚಿಂದಿ ಉಣ್ಣೆಯನ್ನು ಮತ್ತೆ ನೂಲಾಗಿಸಿ ಬಟ್ಟೆ ನೇಯುವುದು ಇಲ್ಲಿನ ಪರಂಪರೆಯ ಕಸುಬು. 1980ರ ದಶಕದ ಕೊನೆಗೆ ಆ ಗಿರಣಿಗಳು ಸೊರಗತೊಡಗಿದವು. ಆ ಹೊತ್ತಿಗೆ ಝೆಜಿಯಾಂಗ್‌ನ ವೆನ್‌ಝೌ ಸೀಮೆಯಿಂದ ಚೀನೀಯರು ಬರಲಾರಂಭಿಸಿದರು. ಮೊದಲು ಇಟಾಲಿಯನ್ ಕಂಪನಿಗಳಿಗೆ ಕೂಲಿಗೆ ಹೊಲಿದುಕೊಟ್ಟರು. ಬಳಿಕ ಖಾಲಿ ಬಿದ್ದ ಶೆಡ್ಡುಗಳನ್ನು ಬಾಡಿಗೆಗೆ ಹಿಡಿದು ತಾವೇ ಸಿದ್ಧ ಉಡುಪಿನ ಮಾಲೀಕರಾದರು. ಇವರಿಂದ ಪ್ರಾಟೊದ ನೇಕಾರರ ಕೆಲಸ ಹೋಯಿತೆಂಬ ದೂರು ಊರಿನಲ್ಲಿ ಕೇಳಿಸುತ್ತದೆ. ಆದರೆ ಆ ಊರು ನೇಯುತ್ತಿದ್ದದ್ದು ಬಟ್ಟೆ, ಇವರು ಹೊಲಿಯುವುದು ಉಡುಪು. ಮುಚ್ಚಿದ ಗಿರಣಿಯ ಯಜಮಾನರಿಗೆ ಬಾಡಿಗೆ ಬಂದದ್ದೂ ಇವರಿಂದಲೇ. ಆ ದೂರಿನಲ್ಲಿ ನ್ಯಾಯ ಕಡಿಮೆ ಎಂದೇ ನನ್ನ ಎಣಿಕೆ.

ಪಿಸ್ತೊಯೀಸೆ ರಸ್ತೆಯಲ್ಲಿ ನಾನು ಮತ್ತು ಅಕ್ಕನ ಮಗ ನಡೆಯುತ್ತಿದ್ದಾಗ ಒಂದು ಗೋಡೆಯ ತುಂಬ ಕೈಬರಹದ ಚೀನೀ ಚೀಟಿಗಳು ಕಂಡವು: ಹೊಲಿಯುವವರು ಬೇಕು, ಗುಂಡಿ ಹಾಕುವವರು ಬೇಕು, ಹಾಸಿಗೆಯೊಂದು ಬಾಡಿಗೆಗಿದೆ. ಪ್ರತಿ ಚೀಟಿಯ ಬುಡದಲ್ಲಿ ಫೋನ್ ಸಂಖ್ಯೆಯನ್ನು ಹಲವು ಸಲ ಬರೆದು, ಹರಿದುಕೊಂಡು ಹೋಗಲು ಅನುಕೂಲವಾಗುವಂತೆ ಜೂಲಾಗಿ ಕತ್ತರಿಸಿದ್ದರು. ಹತ್ತಿರದಲ್ಲೇ ಲೆಕ್ಕಪತ್ರದ ಕಚೇರಿ ನಡೆಸುವ, ಅಲ್ಲಿಯೇ ಹುಟ್ಟಿದ ಚೀನೀ ಯುವತಿಯೊಬ್ಬಳು ನಮಗೆ ಅವುಗಳ ಅರ್ಥ ಹೇಳಿದಳು. ಅವಳೊಡನೆ ಮಾಕ್ರೊಲೊತ್ತೊ ಎಂಬ ಕೈಗಾರಿಕಾ ಬಡಾವಣೆಗೆ ಹೋದೆವು. ಕತ್ತರಿಸಿದ ಬಟ್ಟೆಯ ಕಟ್ಟುಗಳನ್ನು ಅದೇ ಬಟ್ಟೆಯ ಅಂಚಿನಿಂದ ಬಿಗಿದು ಕಾರುಗಳ ಹಿಂಭಾಗಕ್ಕೆ ತುಂಬುತ್ತಿದ್ದರು. ಅವು ಹೊಲಿಗೆಯ ಶೆಡ್ಡಿಗೆ ಹೋಗಿ, ರಾತ್ರಿ ಕಳೆಯುವುದರೊಳಗೆ ಉಡುಪಾಗಿ ಮರಳುತ್ತವೆ. ಬಟ್ಟೆ ಹೆಚ್ಚಾಗಿ ಬರುವುದು ಚೀನಾದಿಂದ; ಹೊಲಿದದ್ದು ಇಟಲಿಯಲ್ಲಾದ್ದರಿಂದ ಮೇಡ್ ಇನ್ ಇಟಲಿ ಚೀಟಿ ಅಂಟುತ್ತದೆ. ಯುರೋಪಿನ ನಾನಾ ಕಡೆಯ ಸಣ್ಣ ವ್ಯಾಪಾರಿಗಳು ವ್ಯಾನಿನಲ್ಲಿ ಬಂದು ಕೊಂಡೊಯ್ಯುತ್ತಾರೆ.

ಇಷ್ಟಕ್ಕೂ ಬಂಡವಾಳ ಎಲ್ಲಿಂದ ಬಂತು? ವೆನ್‌ಝೌ ಜನರಲ್ಲಿ ಬಂಧುಗಳು, ಊರಿನವರು ಸೇರಿ ಹಣ ಕೂಡಿಸಿ ಸರದಿಯ ಮೇಲೆ ಒಬ್ಬೊಬ್ಬರಿಗೆ ಕೊಡುವ ಪದ್ಧತಿಯಿದೆ. ನಮ್ಮ ಬೀದಿಗಳ ಚೀಟಿ ವ್ಯವಹಾರವನ್ನು ಬಲ್ಲವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. 1985ರಲ್ಲಿ ಇಟಲಿ ಮತ್ತು ಚೀನಾ ಮಾಡಿಕೊಂಡ ಹೂಡಿಕೆ ಒಪ್ಪಂದ ಚೀನೀಯರು ಅಲ್ಲಿ ಉದ್ಯಮ ತೆರೆಯಲು ದಾರಿ ಮಾಡಿತು. ಆದರೆ ವಾಸದ ಪರವಾನಗಿಯನ್ನು ಮತ್ತೆ ಮತ್ತೆ ನವೀಕರಿಸಬೇಕು, ಅದಕ್ಕೆ ಕೆಲಸದ ಅಥವಾ ಉದ್ಯಮದ ಆಧಾರ ತೋರಿಸಬೇಕು. 1990ರ ದಶಕದಲ್ಲಿ ದಲ್ಲಾಳಿಗಳ ಮೂಲಕ ಬಂದವರಂತೂ ಪ್ರಯಾಣದ ಸಾಲ ತೀರುವವರೆಗೆ ವರ್ಷಗಟ್ಟಲೆ ಶೆಡ್ಡಿನಲ್ಲೇ ದುಡಿದರು. ಅಷ್ಟು ಸಾಲ ಹೊತ್ತು ಬಂದವರು ಬರಿಗೈಯಲ್ಲಿ ಹಿಂದಿರುಗಲಾರರು. ಹಾಗಾಗಿ ಗಂಡ, ಹೆಂಡತಿ ಇಬ್ಬರೂ ಬಂದು ಒಂದೇ ಹೊಲಿಗೆ ಸಾಲಿನಲ್ಲಿ ಕುಳಿತರು. ಇಟಲಿಯ ಚೀನೀಯರಲ್ಲಿ ಗಂಡಸರು, ಹೆಂಗಸರು ಬಹುತೇಕ ಸಮವಾಗಿರುವುದಕ್ಕೆ ಇದೇ ಕಾರಣ. ತುಂಡಿಗೆ ಇಷ್ಟೆಂದು ಕೂಲಿ, ಗಂಟೆಯ ಲೆಕ್ಕವಿಲ್ಲ, ಕೆಲಸದ ಜಾಗದಲ್ಲೇ ನಿದ್ರೆ. ಕೂಡಿದ್ದು ಮುಂದಿನ ಯಂತ್ರಕ್ಕೆ, ಆಮೇಲೆ ಸ್ವಂತ ಶೆಡ್ಡಿಗೆ. ಹೊರಗೆ ಇಟಾಲಿಯನ್ ಭಾಷೆ ಬಾರದವರಿಗೆ ಒಳಗೆ ಎಲ್ಲವೂ ತಮ್ಮ ನುಡಿಯಲ್ಲೇ ನಡೆಯುತ್ತಿತ್ತು. ಅದು ಆಸರೆಯೂ ಹೌದು, ಯಜಮಾನನ ಬಿಗಿಹಿಡಿತವೂ ಹೌದು.

ಆ ಪದ್ಧತಿಯ ಬೆಲೆ ಏನೆಂಬುದು 2013ರ ಡಿಸೆಂಬರ್ 1ರ ಭಾನುವಾರ ಬೆಳಿಗ್ಗೆ ಜಗತ್ತಿಗೆ ತಿಳಿಯಿತು. ಮಾಕ್ರೊಲೊತ್ತೊದ ಉಡುಪಿನ ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದು ಏಳು ಮಂದಿ ಚೀನೀ ಕೆಲಸಗಾರರು ಸತ್ತರು. ಅವರು ಮಲಗುತ್ತಿದ್ದದ್ದು ಒಳಗೇ ಅಟ್ಟದ ಮೇಲೆ ಹಲಗೆ ಕಟ್ಟಿ ಮಾಡಿದ ಗೂಡುಗಳಲ್ಲಿ, ಕಿಟಕಿಗೆ ಕಬ್ಬಿಣದ ಸರಳುಗಳಿದ್ದವು. ಅನಂತರ ಟಸ್ಕನಿ ಪ್ರಾಂತ ಸರ್ಕಾರ ಸಾವಿರಾರು ಶೆಡ್ಡುಗಳ ತಪಾಸಣೆ ನಡೆಸಿತು. ಮಲಗುವ ಗೂಡುಗಳು ಬಹುಮಟ್ಟಿಗೆ ಹೋದವು. ಕೆಲಸದ ಗಂಟೆಗಳು ಮಾತ್ರ ಅಷ್ಟು ಸುಲಭವಾಗಿ ಕಡಿಮೆಯಾಗಲಿಲ್ಲ.

ಚೀನೀ ಕುಟುಂಬದ ಆದಾಯ ರೊಮೇನಿಯನ್ ಕುಟುಂಬದ್ದಕ್ಕಿಂತ ಹೆಚ್ಚು ಎಂದು ಸರಾಸರಿ ತೆಗೆದು ಹೇಳುವುದು ನನಗೆ ಅಪೂರ್ಣವೆನಿಸುತ್ತದೆ. ಚೀನೀಯರೊಳಗೇ ಜಾಗ್ವಾರ್ ಕಾರಿನ ಯಜಮಾನನೂ ತುಂಡುಕೂಲಿಯ ಹೊಲಿಗೆಯವನೂ ಒಂದೇ ಬೀದಿಯಲ್ಲಿದ್ದಾರೆ. ರೊಮೇನಿಯನ್ನರಲ್ಲಿ ಅಷ್ಟು ಎತ್ತರವೂ ಇಲ್ಲ, ಅಂಥ ಕಂದರವೂ ಕಡಿಮೆ; ಆದರೆ ದಕ್ಷಿಣದ ಸಿಸಿಲಿ ದ್ವೀಪದ ರಗೂಸಾ ಸೀಮೆಯ ಪ್ಲಾಸ್ಟಿಕ್ ಹೊದಿಕೆಯ ತರಕಾರಿ ತೋಟಗಳಲ್ಲಿ ದುಡಿಯುವ ರೊಮೇನಿಯನ್ ಹೆಂಗಸರ ಶೋಷಣೆಯ ಕಥೆಗಳನ್ನು ಓದಿದವರು ಯುರೋಪಿಯನ್ ಪೌರತ್ವವೊಂದೇ ಎಲ್ಲರನ್ನೂ ಕಾಯುತ್ತದೆ ಎನ್ನಲಾರರು. ಮಕ್ಕಳ ವಿಷಯದಲ್ಲಂತೂ ಎರಡು ದಾರಿಗಳೂ ಕೂಡಿಬಿಡುತ್ತವೆ. ಲೆಕ್ಕಪತ್ರದ ಯುವತಿಯನ್ನು ಆರು ತಿಂಗಳ ಕೂಸಾಗಿದ್ದಾಗ ವೆನ್‌ಝೌನ ಅಜ್ಜಿಯ ಬಳಿಗೆ ಕಳುಹಿಸಿದ್ದರಂತೆ. ಶಾಲೆಗೆ ಸೇರಿಸಲು ಪ್ರಾಟೊಗೆ ಕರೆತಂದಾಗ ತಾಯಿಯ ಗುರುತೇ ಅವಳಿಗೆ ಇರಲಿಲ್ಲ. ಹೊಲಿಗೆ ಯಂತ್ರದ ಬಳಿ ಕೂಸನ್ನು ಇಟ್ಟುಕೊಳ್ಳುವುದು ಹೇಗೆ ಎಂದು ಅಮ್ಮ ಕೇಳುತ್ತಾರೆ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ ಎಂದಳು. ವಲೆಂತಿನೊ ಉದ್ಯಾನದ ಆ ತಾಯಿಯ ಮಗನಿಗೂ ಇವಳಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಈ ಪೀಳಿಗೆಯವರು ಹೊಲಿಗೆಯ ಶೆಡ್ಡಿಗೆ ಹೋಗುವುದಿಲ್ಲ. ಚೀನಾದಿಂದ ಹೊಸ ಕೆಲಸಗಾರರು ಬರುವುದೂ ಕಡಿಮೆಯಾಗಿದೆ. ರೊಮೇನಿಯಾದಲ್ಲಿಯೂ ಸಂಬಳ ಏರಿದ್ದರಿಂದ ಅಲ್ಲಿಯ ತರುಣಿಯರು ಬದಾಂತೆ ಕೆಲಸಕ್ಕೆ ಹಿಂದಿನಂತೆ ಬರುತ್ತಿಲ್ಲ. ಪ್ರಾಟೊದಲ್ಲಿ ಆ ಜಾಗ ತುಂಬುತ್ತಿರುವವರು ಪಾಕಿಸ್ತಾನ ಮತ್ತು ಬಾಂಗ್ಲಾದೇಶದವರು. ಕಾರ್ಖಾನೆಯೊಂದರ ಗೇಟಿನ ಎದುರು ಪಂಜಾಬ್ ಕಡೆಯ ಪಾಕಿಸ್ತಾನಿ ತರುಣನೊಬ್ಬ, ನನ್ನ ಹಿಂದಿ ಕೇಳಿ, ತಾನಾಗಿ ಮಾತಿಗೆ ನಿಂತ. ಕರಾರುಪತ್ರದಲ್ಲಿ ದಿನಕ್ಕೆ ನಾಲ್ಕು ಗಂಟೆ ಎಂದು ಬರೆದು, ವಾರದ ಏಳೂ ದಿನ ಹನ್ನೆರಡು ಗಂಟೆ ದುಡಿಸುತ್ತಿದ್ದರಂತೆ. ಇವರು ಕಾರ್ಮಿಕ ಸಂಘ ಸೇರಿ ಗೇಟಿನ ಮುಂದೆ ಧರಣಿ ಕೂತದ್ದು ದಿನಕ್ಕೆ 8 ಗಂಟೆ, ವಾರಕ್ಕೆ 5 ದಿನ ಎಂಬ ಒಂದೇ ಬೇಡಿಕೆಗೆ. ಇವನ ಕಾರ್ಖಾನೆ ಒಪ್ಪಿ ಸಹಿ ಹಾಕಿದೆ. ವೇತನಸಹಿತ ರಜೆ, ಕಾಯಿಲೆ ರಜೆ ಈಗ ಸಿಗುತ್ತಿವೆ. ಲೆಕ್ಕಪತ್ರದ ಯುವತಿ ಈ ಬೇಡಿಕೆ ನ್ಯಾಯವೆಂದೇ ಒಪ್ಪಿದಳು. ಅವಳ ಕಕ್ಷಿದಾರರಾದ ಚೀನೀ ಮಾಲೀಕರು ಪ್ರತಿ ಉಡುಪಿಗೆ ಕೊಳ್ಳುಗನಿಂದ ಇನ್ನಷ್ಟು ಬೆಲೆ ಕೇಳಬೇಕಾಗುತ್ತದೆ, ಕೊಳ್ಳುಗ ಕೊಡದಿದ್ದರೆ ಶೆಡ್ಡಿನ ಹೆಸರು ಬದಲಿಸಿ ಬೇರೆ ಬೀದಿಯಲ್ಲಿ ತೆರೆಯುವವರೂ ಇದ್ದಾರೆ, ಆಗ ಸಂಘದವರು ಆ ಗೇಟಿಗೂ ಬರುತ್ತಾರೆ ಎಂದು ಅವಳು ಹೇಳಿದಳು.