ಗುಬ್ಬಿ ಹಾದಿಯಲ್ಲಿ ಒಂದು ಕುರುಕ್ಷೇತ್ರದ ರಾತ್ರಿ

ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರ್. ಬೆಂಗಳೂರು–ಹೊನ್ನಾವರದ ಹಳೇ ದಾರಿ ಇದು, ಊರಿನವರ ಬಾಯಲ್ಲಿ ಬಿ.ಎಚ್. ರಸ್ತೆ. ಸಂಕ್ರಾಂತಿ ಕಳೆದು ರಾಗಿ ಕಣದಿಂದ ಮನೆ ಸೇರಿತೆಂದರೆ ಅಡ್ಡದಾರಿಗಳ ಬಾಯಲ್ಲಿ ಫ್ಲೆಕ್ಸ್‌ಗಳು ಏಳುತ್ತವೆ: ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’. ಕೆಳಗೆ ಸಾಲಾಗಿ ಫೋಟೊ, ಹೆಸರು, ಪಾತ್ರ. ಈ ಭಾಗದಲ್ಲಿ ನಾಟಕದ ಕಾಲವೆಂದರೆ ಸುಗ್ಗಿ ಮುಗಿದು ಮುಂಗಾರು ಹದ ಬರುವವರೆಗಿನ ನಾಲ್ಕು ತಿಂಗಳು. ಹೊಲ ಕರೆದ ಮೇಲೆ ಬಣ್ಣ ಹಚ್ಚುವವರು ಸಿಗುವುದಿಲ್ಲ.

ಮೊದಲು ಗುಬ್ಬಿಯಲ್ಲಿ ಇಳಿದು ಚನ್ನಬಸವೇಶ್ವರನ ಗುಡಿಗೆ ಹೋಗುವುದು ಒಳ್ಳೆಯದು. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘಕ್ಕೆ ಹೆಸರು ಬಂದದ್ದು ಈ ದೇವರಿಂದ. ಹುಡುಗನಾಗಿ ಕಂಪನಿ ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾಗಿ, ‘ಸದಾರಮೆ’ಯ ಕಳ್ಳನಾಗಿ ಜನರನ್ನು ನಗಿಸಿದರು, ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಆ ‘ಸದಾರಮೆ’ ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳೂ ಇದೇ ಜಿಲ್ಲೆಯವರು. 1934ರಲ್ಲಿ ಬಂದ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಸಾಹಿತ್ಯ ಅವರದೇ. ರಾಜ್‌ಕುಮಾರ್, ಬಿ.ವಿ. ಕಾರಂತ, ಜಿ.ವಿ. ಅಯ್ಯರ್ ಈ ಕಂಪನಿಯ ಅನ್ನ ಉಂಡವರು.

ಕಂಪನಿ ಒಂದು ಊರಿನಲ್ಲಿ ಕ್ಯಾಂಪ್ ಹಾಕಿದರೆ ತಿಂಗಳುಗಟ್ಟಲೆ ಇರುತ್ತಿತ್ತು. ನಟರು ಸುತ್ತುತ್ತಿದ್ದರು, ಜನ ಟಿಕೆಟ್ ಕೊಂಡು ಬರುತ್ತಿದ್ದರು. ಈಗ ಹಳ್ಳಿಗಳಲ್ಲಿ ನಡೆಯುವುದು ಇದರ ತಿರುವುಮುರುವು: ನಟರು ಊರಿನವರೇ, ಸುತ್ತುವವರು ಹಾರ್ಮೋನಿಯಂ ಮೇಷ್ಟ್ರು. ಸೋಮವಾರ ಒಂದು ಊರು, ಮಂಗಳವಾರ ಇನ್ನೊಂದು. ಕಂಪನಿಯ ಮಟ್ಟುಗಳು ಇಷ್ಟು ವರ್ಷ ಉಳಿದಿರುವುದು ಇವರ ಬೆರಳಲ್ಲಿ. ಹಾಗಾಗಿ ನಾಟಕದ ರಾತ್ರಿಗಿಂತ ಮುಂಚೆ ಒಂದು ಸಂಜೆ ಅಭ್ಯಾಸ ನೋಡದೆ ಈ ಪ್ರಯಾಣ ಪೂರ್ತಿಯಾಗುವುದಿಲ್ಲ.

ಗುಬ್ಬಿಯಿಂದ ಒಳಗಿನ ಊರೊಂದರ ದೇವಸ್ಥಾನದ ಹಜಾರದಲ್ಲಿ ರಾತ್ರಿ ಎಂಟೂವರೆಗೆ ಶುರು. ಹಾಲು ಡೇರಿಗೆ ಹಾಕಿ, ಉಂಡು ಬಂದವರು ಇಪ್ಪತ್ತು ಜನ. ಎರಡೂವರೆ ಮೂರು ತಿಂಗಳು ಹೀಗೆ ನಡೆಯುತ್ತದೆ. ಪಾತ್ರ ಹಂಚಿಕೆ ಮಾಡುವವರೇ ಕೊಡುವ ದುಡ್ಡಿನ ಲೆಕ್ಕದಲ್ಲಿ: ಕೃಷ್ಣ, ದುರ್ಯೋಧನ ದುಬಾರಿ, ನಕುಲ ಸಹದೇವ ಅಗ್ಗ. ಆಸೆಯಿರುವವರು ಹೆಚ್ಚಾದರೆ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಪಾತ್ರವನ್ನೇ ಪಾಲು ಮಾಡುತ್ತಾರೆ. ಇದನ್ನು ಕಂಡು ಪಟ್ಟಣದವರು ಮೂಗು ಮುರಿಯಬಹುದು. ಆದರೆ ಪರದೆ, ಲೈಟು, ಮೈಕು, ಮೇಷ್ಟ್ರ ಸಂಭಾವನೆ ಎಲ್ಲ ಹೊರಡುವುದು ಈ ದುಡ್ಡಿನಿಂದಲೇ, ನೋಡುವವರಿಗೆ ಟಿಕೆಟ್ಟಿಲ್ಲ. ಇಷ್ಟು ಪ್ರಾಮಾಣಿಕವಾದ ಏರ್ಪಾಡು ಬೇರೆ ಕಡೆ ಕಾಣುವುದು ಕಷ್ಟ.

ಕಲಿಕೆಯ ಜೀವ ಇರುವುದು ಪದ್ಯದಲ್ಲಿ. ಕಂದಪದ್ಯದ ಸಾಲುಗಳಿಗೆ 12, 20, 12, 20 ಮಾತ್ರೆ. ಹಾಡುವಾಗ ತಾಳವಿಲ್ಲ, ಹಾರ್ಮೋನಿಯಂ ಹಿಂದೆ ಹಿಂದೆಯೇ ಬರುತ್ತದೆ, ಕೊನೆಗೆ ತಬಲಾ ಮುಕ್ತಾಯ ಕೊಡುತ್ತದೆ. ಮೋಹನ, ಕಾಪಿ, ಭೀಮ್‌ಪಲಾಸ್ ಹೆಚ್ಚು. ಪದ್ಯ ಕೆಡುವುದು ರಾಗ ತಪ್ಪಿದ್ದಕ್ಕಿಂತ ಉಸಿರು ತಪ್ಪಿದ್ದರಿಂದ. ಅರ್ಜುನನ ಪಾತ್ರಧಾರಿ ‘ಅಣ್ಣನ ಮಾತ ಮೀರಲಾರೆನು’ ಎಂಬುದನ್ನು ‘ಮೀರಲಾ’ ಎಂದು ಎಳೆದು, ಉಸಿರು ತೆಗೆದು, ಆಮೇಲೆ ‘ರೆನು’ ಎಂದ. ಮೇಷ್ಟ್ರು ತಿದಿ ನಿಲ್ಲಿಸಿದರು. “ಮೀರಲಾ ಅಂತ ಅಣ್ಣನ್ನ ಕೇಳ್ತಿದ್ದೀರಾ ಗೌಡ್ರೇ? ಮೀರೋದಿಲ್ಲ ಅಂತ ಹೇಳ್ಬೇಕಲ್ವಾ? ‘ಮಾತ’ ಆದ್ಮೇಲೆ ಉಸಿರು ತಗೊಳ್ಳಿ, ಉಳಿದದ್ದು ಒಂದೇ ಎಳೆಯಲ್ಲಿ ಬರಲಿ.” ಅದೊಂದೇ ಸಾಲು ಏಳು ಸಲ ಆಯಿತು.

ಇನ್ನೊಂದು ತೊಡಕು ಶ್ರುತಿಯದು. ಗಂಡಸರಿಗೆ ಒಂದೂವರೆ, ಎರಡು ಮನೆ (ಶ್ರುತಿ ಹಿಡಿಯುವ ಹಾರ್ಮೋನಿಯಂ ಕೀಲಿ) ಸಾಕು. ದ್ರೌಪದಿ, ರುಕ್ಮಿಣಿ ಪಾತ್ರಕ್ಕೆ ಪಟ್ಟಣದಿಂದ ಕರೆಸುವ ಕಲಾವಿದೆಯರದು ಐದು, ಐದೂವರೆ. ಅವರು ಬರುವುದು ಕೊನೆಯ ಒಂದೆರಡು ಅಭ್ಯಾಸಕ್ಕೆ ಮಾತ್ರ. ಜೋಡಿ ಹಾಡಿನಲ್ಲಿ ಕೃಷ್ಣ ಅವರ ಎತ್ತರಕ್ಕೆ ಏರಲು ಹೋದರೆ ಗಂಟಲು ಅಲ್ಲೇ ಒಡೆಯುತ್ತದೆ. ಅನುಭವವುಳ್ಳ ಮೇಷ್ಟ್ರು ಅವನ ಸಾಲನ್ನು ಕೆಳಗಿನ ಸ್ಥಾಯಿಯಲ್ಲೇ ಕೂರಿಸಿಬಿಡುತ್ತಾರೆ. ಈಚೆಗೆ ಭೀಮ, ದುರ್ಯೋಧನ ಸೇರಿ ಎಲ್ಲ ಪಾತ್ರವನ್ನೂ ಹೆಂಗಸರೇ ಮಾಡುವ ತಂಡಗಳು ಬಂದಿವೆ. ಅಲ್ಲಿ ಇಡೀ ನಾಟಕ ಒಂದೇ ಶ್ರುತಿಯಲ್ಲಿ ಹರಿಯುತ್ತದೆ, ಕೇಳಲು ಬಲು ಹಿತ.

ನಾಟಕದ ದಿನ ಸಂಜೆ ಆರಕ್ಕೇ ಚೌಕಿಯ, ಅಂದರೆ ಬಣ್ಣದ ಮನೆಯ, ಹತ್ತಿರ ಇರಬೇಕು. ಬಣ್ಣ ಹಾಕುವವರು ಇಬ್ಬರು, ಪಾತ್ರ ಇಪ್ಪತ್ತಕ್ಕೆ ಮೇಲೆ, ಒಂದು ಮುಖಕ್ಕೆ ಇಪ್ಪತ್ತು ನಿಮಿಷ. ಮೂರೂವರೆ ಗಂಟೆ ಅಲ್ಲೇ ಹೋಯಿತು. ಒಂಬತ್ತಕ್ಕೆ ಎಂದು ಬರೆದ ನಾಟಕ ಹತ್ತೂವರೆಗೆ ಏಳುವುದು ಇದರಿಂದ, ಜೊತೆಗೆ ವೇದಿಕೆ ಮೇಲಿನ ಸನ್ಮಾನಗಳಿಂದ. ಮೀಸೆಯನ್ನು ಗಮ್ ಹಚ್ಚಿ ಅಂಟಿಸುವ ಮುಂಚೆ ಮೇಲ್ದುಟಿಯ ಎಣ್ಣೆ ಬಣ್ಣ ಒರೆಸಬೇಕು. ಅವಸರದಲ್ಲಿ ಅದನ್ನು ಬಿಟ್ಟರೆ ಎರಡನೇ ಪದ್ಯದ ಹೊತ್ತಿಗೆ ಬೆವರಿಗೆ ಮೀಸೆ ಜೋಲುತ್ತದೆ.

ರಂಗ 30 ಅಡಿ ಅಗಲ, 20 ಅಡಿ ಆಳ. ಬಾಡಿಗೆ ಸೀನರಿಯಲ್ಲಿ ದರ್ಬಾರು, ಅರಮನೆಯ ಒಳಾಂಗಣ, ಕಾಡು, ಬೀದಿ. ಬೀದಿ ಪರದೆಯನ್ನು ಮುಂದೆ ಕಟ್ಟುತ್ತಾರೆ. ಅದರ ಮುಂದಿನ ಆರಡಿ ಜಾಗದಲ್ಲಿ ಶಕುನಿ ತಂತ್ರ ಹೂಡುತ್ತಿರುವಾಗ ಹಿಂದೆ ಸಿಂಹಾಸನ ಜೋಡಣೆ ಮುಗಿಯುತ್ತದೆ. ಕಂಪನಿಗಳು ರೂಢಿಸಿದ ಜಾಣತನ ಇದು: ಒಂದು ಆಳದ ದೃಶ್ಯ, ಒಂದು ಮುಂಪರದೆಯ ದೃಶ್ಯ. ಈ ಸರದಿ ತಪ್ಪಿಸಿ ಎರಡು ದರ್ಬಾರು ಒಂದರ ಹಿಂದೊಂದು ಇಟ್ಟರೆ ಹತ್ತು ನಿಮಿಷ ಖಾಲಿ ರಂಗ.

ಕೂರಲು ಒಳ್ಳೆಯ ಜಾಗ ಮೇಷ್ಟ್ರ ಎದುರಿನ ಬದಿ. ಸ್ಪೀಕರ್ ಪಕ್ಕ ಬೇಡ. ಅಲ್ಲಿ ಹಾರ್ಮೋನಿಯಂ ಪದ್ಯವನ್ನು ನುಂಗುತ್ತದೆ. ಶಾಲು, ಟೋಪಿ, ಕೆಳಗೆ ಹಾಸಲು ಚಾಪೆ ಬೇಕೇ ಬೇಕು, ಫೆಬ್ರವರಿಯ ಮೂರು ಗಂಟೆಯ ಚಳಿ ಮೂಳೆಗೆ ತಾಗುತ್ತದೆ. ಪದ್ಯದ ನಡುವೆಯೇ ಬಹುಮಾನ ಕೂಗುತ್ತಾರೆ, ‘ಒನ್ಸ್ ಮೋರ್’ ಬೀಳುತ್ತದೆ, ಸತ್ತ ಅಭಿಮನ್ಯು ಎದ್ದು ಮತ್ತೆ ಹಾಡಿ ಮತ್ತೆ ಸಾಯುತ್ತಾನೆ. ಅದು ಮಗನ ಹಾಡನ್ನು ಇನ್ನೊಮ್ಮೆ ಕೇಳಬೇಕೆಂಬ ಊರಿನ ಆಸೆ, ತಡೆಯಬಾರದು. ತಡೆಯಬೇಕಾದದ್ದು ಸನ್ಮಾನವನ್ನು. ಅಲ್ಲಿ ಕಳೆದ ಒಂದು ಗಂಟೆಯ ಬೆಲೆಯನ್ನು ಬೆಳಗಿನ ಜಾವ ಕರ್ಣ ತೆರುತ್ತಾನೆ: ಮೂರು ತಿಂಗಳು ಕಲಿತ ಐದು ಪದ್ಯಗಳಲ್ಲಿ ಎರಡನ್ನು ಹಾಡುವಷ್ಟರಲ್ಲಿ ಪೂರ್ವ ಕೆಂಪಾಗುತ್ತದೆ, ಮೇಷ್ಟ್ರು ಕಣ್ಣಲ್ಲೇ ‘ಸಾಕು’ ಎನ್ನುತ್ತಾರೆ.

ಆರಕ್ಕೆ ಮಂಗಳ. ಕಿರೀಟ, ಭುಜಕೀರ್ತಿಗಳನ್ನು ಎಣಿಸಿ ಪೆಟ್ಟಿಗೆಗೆ ತುಂಬುತ್ತಾರೆ, ಪರದೆಗಳನ್ನು ಬಿದಿರಿಗೆ ಸುತ್ತಿ ಟೆಂಪೊಗೆ ಏರಿಸುತ್ತಾರೆ. ಭೀಮನ ಪಾತ್ರಧಾರಿ ಕಣ್ಣಿನ ಕಾಡಿಗೆಯಲ್ಲೇ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಟಿದ್ದ. ಗುಬ್ಬಿ ಕಡೆಯ ಮೊದಲ ಬಸ್ಸು ಏಳಕ್ಕೆ. ಮೇಷ್ಟ್ರೂ ಅದಕ್ಕೇ ಕಾಯುತ್ತಿದ್ದರು, ಆ ಸಂಜೆ ಇನ್ನೊಂದು ಊರಿನಲ್ಲಿ ಅಭ್ಯಾಸವಿತ್ತು.