ಸೈಕಲ್ ಪಥದ ನಡುವೆ ನಿಂತ ಕಂಬ

ಸೈಕಲ್ ಪಥದೊಳಗೆ ಕಾರುಗಳು ನುಗ್ಗದಿರಲೆಂದು ನಟ್ಟನಡುವೆ ನೆಡುವ ಗಿಡ್ಡ ಕಂಬಗಳು ಸವಾರರ ರಕ್ಷಣೆಗೆಂದೇ ಬಂದವು. ಆದರೆ ಅವುಗಳಿಗೆ ಡಿಕ್ಕಿ ಹೊಡೆದು ಬೀಳುವವರೂ ಸವಾರರೇ. ಒಂದು ಸಂಜೆ ಇನ್ನೊಬ್ಬರ ಹಿಂದೆಯೇ ಸಾಗುತ್ತಿದ್ದಾಗ, ಅವರು ಪಕ್ಕಕ್ಕೆ ಸರಿದ ಮರುಕ್ಷಣ ಬೂದು ಬಣ್ಣದ ಕಂಬವೊಂದು ನನ್ನ ಚಕ್ರದೆದುರು ನಿಂತಿತ್ತು. ಹ್ಯಾಂಡಲಿನ ತುದಿ ಅದಕ್ಕೆ ಉಜ್ಜಿ ಹಿಡಿಯ ರಬ್ಬರ್ ಹರಿದುಹೋಯಿತು. ಗಂಟೆಗೆ 18 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 5 ಮೀಟರ್. ಕಂಬವನ್ನು ಗುರುತಿಸಿ ಬ್ರೇಕ್ ಹಿಡಿಯುವಷ್ಟರಲ್ಲಿ ಆ ದೂರ ಮುಗಿದಿರುತ್ತದೆ.

ಆದ್ದರಿಂದ ಆ ಜಾಗಕ್ಕೆ ಕಂಬ ನಿಜಕ್ಕೂ ಬೇಕೇ ಎಂದು ಮೊದಲು ಕೇಳಬೇಕು. ಪಥದ ಬಾಯಿಯನ್ನು ತುಸು ಕಿರಿದಾಗಿಸಿ ನೆಲದ ಬಣ್ಣ ಬದಲಿಸಿದರೆ ಎಷ್ಟೋ ಕಡೆ ಕಾರುಗಳು ತಾವಾಗಿಯೇ ದೂರ ಉಳಿಯುತ್ತವೆ. ಕಂಬ ಅನಿವಾರ್ಯವೇ ಆದಲ್ಲಿ, ಸರಕು ಹೊರುವ ಮೂರು ಚಕ್ರದ ಸೈಕಲ್ಲೂ ಸಲೀಸಾಗಿ ದಾಟುವಂತೆ ಎರಡೂ ಬದಿ ಒಂದೂವರೆ ಮೀಟರಿನಷ್ಟು ಜಾಗ ಬಿಡಬೇಕು, ಬೆಳಕಿಗೆ ಹೊಳೆಯುವ ಪಟ್ಟಿ ಅಂಟಿಸಬೇಕು, ಬಹಳ ಮುಂಚೆಯೇ ನೆಲದ ಮೇಲೆ ಬಿಳಿ ಗೆರೆಯಿಂದ ಎಚ್ಚರಿಸಬೇಕು. ಇನ್ನೊಂದು ಮಾತು: ಕಂಬ ಕಿತ್ತವರು ಅದರ ಕಬ್ಬಿಣದ ಬುಡವನ್ನೂ ತೆಗೆದು ನೆಲವನ್ನು ಸಮ ಮಾಡದಿದ್ದರೆ, ಕಾಣುತ್ತಿದ್ದ ಅಡ್ಡಿ ಕಾಣದ ಅಡ್ಡಿಯಾಗಿ ಉಳಿಯುತ್ತದೆ.