ಶಿಯಾನ್‌ನ ಅಜ್ಜ ಅಜ್ಜಿಯರ ಹತ್ತಿರ ಚೀನೀ ಕಲಿತ ಮಕ್ಕಳು

ಕ್ಯಾಲಿಫೋರ್ನಿಯಾದಲ್ಲಿ ನಾವಿರುವ ಊರಿನ ಹೈಸ್ಕೂಲಿನಲ್ಲಿ ಸ್ಪ್ಯಾನಿಶ್ ಜೊತೆ ಮ್ಯಾಂಡರಿನ್, ಅಂದರೆ ಚೀನೀ ಭಾಷೆ ಕೂಡ ಕಲಿಸುತ್ತಾರೆ. ಮಗಳು ಆರಿಸಿಕೊಂಡಿದ್ದು ಮ್ಯಾಂಡರಿನ್. ಬೇಸಿಗೆ ರಜೆಯಲ್ಲಿ ಅವಳ ಗುಂಪು ಭಾಷಾ ಶಿಬಿರಕ್ಕೆಂದು ಚೀನಾದ ಶಿಯಾನ್‌ಗೆ ಹೊರಟಿತು. ಮಕ್ಕಳ ಜೊತೆಗಿರಲು ದೊಡ್ಡವರು ಬೇಕಿದ್ದರು, ನಾನೂ ಹೋದೆ.

ಬೆಳಿಗ್ಗೆ ತರಗತಿ, ಮಧ್ಯಾಹ್ನ ಕುಂಚದ ಬರವಣಿಗೆ, ತೈ ಚಿ, ಕಾಗದ ಕತ್ತರಿಸಿ ಚಿತ್ರ ಮಾಡುವುದು. ರಾತ್ರಿ ಉಳಿಯಲು ಒಬ್ಬೊಬ್ಬರಿಗೆ ಊರಿನವರ ಒಂದೊಂದು ಮನೆ. ಮೊದಲ ದಿನವೇ ಮಕ್ಕಳೆಲ್ಲ ಒಂದು ಕಾಗದಕ್ಕೆ ಸಹಿ ಹಾಕಿದರು: ಶಿಬಿರ ಮುಗಿಯುವ ತನಕ ಚೀನೀ ಬಿಟ್ಟು ಬೇರೆ ಮಾತಿಲ್ಲ. ಇಂಥ ಶಿಬಿರಗಳಲ್ಲಿ ಇದು ವಾಡಿಕೆ.

ಆದರೆ ಆ ಮಾತು ಉಳಿಸಿಕೊಳ್ಳುವುದು ಕಷ್ಟ. ಅಲ್ಲಿನ ಮಕ್ಕಳು ಪ್ರೈಮರಿಯಿಂದಲೇ ಇಂಗ್ಲಿಷ್ ಕಲಿತಿರುತ್ತಾರೆ. ಕಾಲೇಜಿಗೆ ಸೇರಲು ಬರೆಯುವ ಗಾವೋಕಾವ್ ಪರೀಕ್ಷೆಯಲ್ಲೂ ವಿದೇಶಿ ಭಾಷೆ ಇರುತ್ತದೆ, ಹೆಚ್ಚಿನವರು ಬರೆಯುವುದು ಇಂಗ್ಲಿಷನ್ನೇ. ಅಮೆರಿಕದಿಂದ ಬಂದವರು ಮನೆಯಲ್ಲೇ ಇದ್ದರೆ ಬಿಡುತ್ತಾರಾ? ನಮ್ಮ ಮಕ್ಕಳು ಚೀನೀಯಲ್ಲಿ ಕೇಳಿದರೆ ಆ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು. ಅಂಗಡಿಗಳಲ್ಲೂ ಅಷ್ಟೇ, ಸ್ವಲ್ಪ ತಡವರಿಸಿದರೆ ಫೋನಿನ ಅನುವಾದ ಮುಂದೆ ಬರುತ್ತಿತ್ತು.

ಅಜ್ಜ ಅಜ್ಜಿ ಇದ್ದ ಮನೆಗಳಲ್ಲಿ ಮಾತ್ರ ಈ ತೊಂದರೆ ಇರಲಿಲ್ಲ. ಮಗಳಿದ್ದ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರು. ಚಿಕ್ಕ ಮೊಮ್ಮಗನನ್ನು ನೋಡಿಕೊಳ್ಳುತ್ತಿದ್ದುದು ಅಜ್ಜಿ. ಅವರಿಗೆ ಇಂಗ್ಲಿಷ್ ಒಂದಕ್ಷರ ಬಾರದು. ಮೇಲಾಗಿ ಅವರದು ಶಾನ್‌ಶಿ ಪ್ರಾಂತ್ಯದ ಮಾತು, ಸ್ವರದ ಏರಿಳಿತವೇ ಬೇರೆ. ಪುಸ್ತಕದಿಂದ ಕನ್ನಡ ಕಲಿತವರನ್ನು ನೇರ ಹುಬ್ಬಳ್ಳಿ ಸಂತೆಗೆ ಬಿಟ್ಟ ಹಾಗಾಯಿತು. ಮಗಳಿಗೆ ಮೊದಮೊದಲು ಏನೂ ತಿಳಿಯಲಿಲ್ಲ. ಅಜ್ಜಿ ಬೇಸರ ಮಾಡಿಕೊಳ್ಳಲಿಲ್ಲ. ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದರು, ಪಾತ್ರೆ ಎತ್ತಿ ತೋರಿಸುತ್ತಿದ್ದರು, ಕೈ ಹಿಡಿದು ತರಕಾರಿ ಮಾರುಕಟ್ಟೆಗೆ ಕರೆದೊಯ್ಯುತ್ತಿದ್ದರು. ಜುಲೈ ಬಿಸಿಲಿನಲ್ಲೂ ತಣ್ಣೀರು ಕೊಡದೆ ಬಿಸಿನೀರನ್ನೇ ಕುಡಿಸುತ್ತಿದ್ದರು. ಅದಕ್ಕೆ ಯಾಕೆ ಅಂತ ಕೇಳಲಿಕ್ಕಾದರೂ ಮಗಳು ವಾಕ್ಯ ಕಟ್ಟಲೇಬೇಕಿತ್ತು. ಅವಳ ನಾಚಿಕೆ ಹೋಗಿದ್ದು ಆ ಅಡುಗೆಮನೆಯಲ್ಲಿ, ಮೊಟ್ಟೆ ಮತ್ತು ಸೊಪ್ಪು ತುಂಬಿದ ಜ್ಯಾವ್‌ಜ಼ ಎಂಬ ಕಡುಬು ಮಡಚುತ್ತಾ.

ಮುಸ್ಲಿಂ ಬೀದಿಯಲ್ಲೂ ಇದೇ ಕಂಡೆ. ಅಲ್ಲಿನ ದೊಡ್ಡ ಮಸೀದಿ 742ರಲ್ಲಿ ಶುರುವಾಯಿತು ಎನ್ನುತ್ತಾರೆ. ಮರದ ಕಂಬ, ಬಾಗಿದ ಹೆಂಚು, ಒಂದರ ಹಿಂದೆ ಒಂದು ಅಂಗಳ, ನೋಡಿದರೆ ಚೀನೀ ದೇವಸ್ಥಾನವೇ ಅನ್ನಿಸುತ್ತದೆ. ಹತ್ತಿರದ ಹೋಟೆಲಿನಲ್ಲಿ ಮಕ್ಕಳು ಪಾವ್‌ಮೋ ತಿನ್ನಲು ಕೂತರು. ಗಟ್ಟಿ ರೊಟ್ಟಿಯನ್ನು ತಿನ್ನುವವರೇ ಚಿಕ್ಕ ಚಿಕ್ಕ ಚೂರು ಮಾಡಿ ಬಟ್ಟಲಿಗೆ ಹಾಕಬೇಕು. ಆಮೇಲೆ ಬಟ್ಟಲು ಒಳಗೆ ಹೋಗಿ ಕುರಿ ಮಾಂಸದ ಸಾರಿನಲ್ಲಿ ಬೆಂದು ಬರುತ್ತದೆ. ನಮ್ಮ ಮಕ್ಕಳು ಅವಸರದಲ್ಲಿ ದೊಡ್ಡ ತುಂಡು ಮಾಡಿದರು. ಪಕ್ಕದ ಮೇಜಿನ ಅಜ್ಜ ಎದ್ದು ಬಂದರು. ಚೂರು ದೊಡ್ಡದಾದರೆ ಸಾರು ಒಳಗಿಳಿಯಲ್ಲ, ಸೋಯಾ ಕಾಳಿನಷ್ಟಿರಬೇಕು ಅಂತ ಹೇಳಿ ತಾವೇ ಹರಿದು ತೋರಿಸಿದರು. ಮಕ್ಕಳು ಬೆರಳು ನೋಯುವ ತನಕ ಹರಿಯುತ್ತಾ ಅವರ ಜೊತೆ ಮಾತಾಡಿದರು. ನಾನು ಸಸ್ಯಾಹಾರಿ, ಲ್ಯಾಂಗ್‌ಪಿ ಎಂಬ ತಣ್ಣನೆಯ ಖಾರದ ಶಾವಿಗೆ ತಿಂದು ಸುಮ್ನೆ ಕೇಳುತ್ತಾ ಕೂತೆ. ಒಂದು ಪಾಠದ ಅವಧಿಗಿಂತ ಜಾಸ್ತಿ ಮಾತು ಅಲ್ಲಿ ನಡೆಯಿತು.

ಚೀನಾದ ಮೊದಲ ಚಕ್ರವರ್ತಿಯ ಸಮಾಧಿಯ ಬಳಿ ಹೂತಿಟ್ಟಿದ್ದ ಮಣ್ಣಿನ ಸೈನಿಕರನ್ನೂ ನೋಡಿದೆವು. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕ ಜಾಗ ಅದು. ನೋಡಲೇಬೇಕು, ಆದರೆ ಆ ಜನಜಂಗುಳಿಯಲ್ಲಿ ಭಾಷೆ ಕಲಿಯುವುದಕ್ಕೆ ಏನೂ ಇಲ್ಲ. ಮಿಂಗ್ ಅರಸರ ಕಾಲದ, ಊರಿನ ಕೋಟೆಗೋಡೆ ವಾಸಿ. ಸುತ್ತಳತೆ 13.7 ಕಿಲೋಮೀಟರ್, ಮೇಲೆ ಸೈಕಲ್ ಹೊಡೆಯಬಹುದು. ಗೋಡೆಯ ಬುಡದ ಉದ್ಯಾನದಲ್ಲಿ ವಯಸ್ಸಾದವರು ಸೇರಿ ಚಿನ್‌ಚ್ಯಾಂಗ್ ಹಾಡುತ್ತಾರೆ. ಈ ಸೀಮೆಯ ಸಂಗೀತ ನಾಟಕ ಅದು, ಗಂಟಲು ಬಿಟ್ಟು ಹಾಡುವಂಥದ್ದು.

ಬರವಣಿಗೆಯ ಪಾಠವೂ ಹಾಗೇ. ಬೆಯ್‌ಲಿನ್ ಎಂಬ ಶಾಸನಗಳ ಮ್ಯೂಸಿಯಂನಲ್ಲಿ ಕನ್‌ಫ್ಯೂಷಿಯಸ್ ಪಂಥದ ಗ್ರಂಥಗಳನ್ನೇ ಕೊರೆದ 114 ಕಲ್ಲುಗಳಿವೆ. 837ರಲ್ಲಿ ಮುಗಿದ ಕೆಲಸ, ಸುಮಾರು ಆರೂವರೆ ಲಕ್ಷ ಅಕ್ಷರ! ಶಾಸನಗಳ ನಾಡಿನಿಂದ ಬಂದ ನನಗೆ ಅಲ್ಲಿಂದ ಹೊರಡಲು ಮನಸ್ಸಾಗಲಿಲ್ಲ. ಮಕ್ಕಳಿಗೆ ಮಾತ್ರ ಅಕ್ಷರದ ಮೇಲೆ ಪ್ರೀತಿ ಹುಟ್ಟಿದ್ದು ಮಾರನೇ ಬೆಳಿಗ್ಗೆ ಶಿಂಗ್‌ಚಿಂಗ್ ಪಾರ್ಕಿನಲ್ಲಿ. ಅಜ್ಜಂದಿರು ಸೊಂಟದೆತ್ತರದ ಕುಂಚವನ್ನು ನೀರಲ್ಲಿ ಅದ್ದಿ ಕಲ್ಲುಹಾಸಿನ ಮೇಲೆ ಬರೆಯುತ್ತಿದ್ದರು. ಬಿಸಿಲಿಗೆ ಬರೆದದ್ದು ಆರಿಹೋಗುತ್ತದೆ, ಮತ್ತೆ ಬರೆಯುತ್ತಾರೆ. ಒಬ್ಬರು ನಮ್ಮ ಹುಡುಗನ ಕೈಗೆ ಕುಂಚ ಕೊಟ್ಟರು. ಅವನು ಗೆರೆಗಳ ಕ್ರಮ ತಪ್ಪಿಸಿದಾಗೆಲ್ಲ ಅಜ್ಜ ಕೋಲಿನಿಂದ ನೆಲ ತಟ್ಟಿ ನಿಲ್ಲಿಸಿ, ಮೊದಲಿನಿಂದ ಬರೆಸಿದರು. ತರಗತಿಯಲ್ಲಿ ಬೇಸತ್ತಿದ್ದ ಹುಡುಗ ಅಲ್ಲಿಂದ ಏಳಲೇ ಇಲ್ಲ. ನಿಮ್ಮ ಮಕ್ಕಳನ್ನು ಇಂಥ ಶಿಬಿರಕ್ಕೆ ಕಳಿಸುವುದಾದರೆ ಅಜ್ಜಿಯೋ ಅಜ್ಜನೋ ಇರುವ ಮನೆಯನ್ನೇ ಕೇಳಿ. ಹವಾನಿಯಂತ್ರಣ, ಸ್ವಂತ ಕೋಣೆ ಎಲ್ಲ ಆಮೇಲೆ.

ಕೊನೆಯ ವಾರ ದಾಯಾನ್ ಗೋಪುರಕ್ಕೆ ಹೋದೆವು, ಮಗಳ ಮನೆಯ ಅಜ್ಜಿಯೂ ಬಂದರು. ನಾವು ಶಾಲೆಯಲ್ಲಿ ಹ್ಯುಯೆನ್ ತ್ಸಾಂಗ್ ಎಂದು ಓದಿದವರು ಭಾರತದಿಂದ 645ರಲ್ಲಿ ಇಲ್ಲಿಗೆ ಮರಳಿ, ತಂದ ಗ್ರಂಥಗಳನ್ನು ಚೀನೀಗೆ ತಿರುಗಿಸುತ್ತಾ ಕೂತರು. 652ರಲ್ಲಿ ಕಟ್ಟಿಸಿದ ಗೋಪುರ ಆ ಗ್ರಂಥಗಳಿಗಾಗಿಯೇ. ನಾಲಂದದಲ್ಲಿದ್ದುಕೊಂಡು ಸಂಸ್ಕೃತ ಕಲಿತವರು ಅವರು. ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೂ ಬಂದಿದ್ದರು. ಅದನ್ನೆಲ್ಲ ನಾನು ಹಿಂದಿನ ರಾತ್ರಿ ಮಗಳಿಗೆ ಹೇಳಿದ್ದೆ.

ಅಜ್ಜಿಗೆ ಗೊತ್ತಿದ್ದಿದ್ದು ಅವರನ್ನೇ ಇಟ್ಟುಕೊಂಡು ಕಟ್ಟಿದ ಹಳೆಯ ಕಥೆಯಲ್ಲಿ ಕೋತಿಯ ಜೊತೆ ಪಶ್ಚಿಮಕ್ಕೆ ಹೋಗುವ ಭಿಕ್ಷು. ಮಗಳು ಮೆಟ್ಟಿಲ ಮೇಲೆ ಕೂತು ಚೀನೀಯಲ್ಲೇ ಶುರು ಮಾಡಿದಳು: "ಅಜ್ಜಿ, ಅವರು ನಮ್ಮ ಕಡೆಗೂ ಬಂದಿದ್ದರು. ನಮ್ಮ ರಾಜನ ಬಗ್ಗೆ ಬರೆದಿದ್ದಾರೆ." ಏನು ಬರೆದಿದ್ದಾರೆ ಅಂತ ಅಜ್ಜಿ ಕೇಳಿದರು. ಅವನ ಹತ್ತಿರ ನೂರಾರು ಆನೆಗಳಿದ್ದವು, ಯುದ್ಧಕ್ಕೆ ಮುಂಚೆ ಅವಕ್ಕೆ ಹೆಂಡ ಕುಡಿಸುತ್ತಿದ್ದರು ಅಂದಳು ಮಗಳು. ಅಜ್ಜಿ ನಂಬಲಿಲ್ಲ. ಯಾವ ಹೆಂಡ? ಎಷ್ಟು? ಕುಡಿದ ಆನೆ ತಿರುಗಿ ಬಿದ್ದರೆ? ಪ್ರಶ್ನೆ ಮುಗಿಯಲಿಲ್ಲ, ಮಗಳೂ ನಿಲ್ಲಿಸಲಿಲ್ಲ. ಶಬ್ದ ಸಿಗದಾಗ ಸೊಂಡಿಲಾಡಿಸಿ ತೋರಿಸಿದಳು. ಪಕ್ಕದಲ್ಲಿ ಕೂತಿದ್ದ ಇನ್ನಿಬ್ಬರು ಅಜ್ಜಿಯರೂ ಹತ್ತಿರ ಸರಿದು, ಮೊದಲಿನಿಂದ ಹೇಳು ಅಂದರು.